ನಕ್ಕು ತಳ್ಳಿದ ಚಿತ್ರಕ್ಕೆ ಮತ್ತೊಂದು ನೋಟ

1998ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಒಂದು ವಿಚಿತ್ರ ನಡೆಯಿತು. 'ಮೀಟ್ ಜೋ ಬ್ಲ್ಯಾಕ್' ಎಂಬ ಚಿತ್ರಕ್ಕೆ ಪೂರ್ತಿ ಹಣ ತೆತ್ತು ಒಳಗೆ ಹೋದ ಕೆಲವರು, ಆ ಚಿತ್ರ ಶುರುವಾಗುವ ಹೊತ್ತಿಗೆ ಎದ್ದು ಹೊರಗೆ ಬರುತ್ತಿದ್ದರು. ಅವರು ಬಂದಿದ್ದುದು ಆರಂಭದಲ್ಲಿ ತೋರಿಸುತ್ತಿದ್ದ ಎರಡು ನಿಮಿಷದ ಟ್ರೇಲರ್‌ಗಾಗಿ. ಅದು ಜಾರ್ಜ್ ಲೂಕಾಸ್ ಅವರ 'ಸ್ಟಾರ್ ವಾರ್ಸ್: ಎಪಿಸೋಡ್ ಒನ್ - ದಿ ಫ್ಯಾಂಟಮ್ ಮೆನೇಸ್' ಚಿತ್ರದ ತುಣುಕು!

'ಸ್ಟಾರ್ ವಾರ್ಸ್' ಮಾಲೆಯ ಮೊದಲ ಮೂರು ಚಿತ್ರಗಳು 1977, 1980 ಮತ್ತು 1983ರಲ್ಲಿ ಬಂದಿದ್ದವು. ಆಮೇಲೆ 16 ವರ್ಷ ಏನೂ ಇಲ್ಲ. ಬಾಯಿ ತೆರೆದುಕೊಂಡು ಅವನ್ನು ನೋಡಿದ್ದ ಹುಡುಗರು ಈ ಅವಧಿಯಲ್ಲಿ ದೊಡ್ಡವರಾದರು, ಕೆಲವರು ತಾವೇ ತಂದೆ-ತಾಯಿಯರಾದರು. 1999ರ ಮೇ 19ರಂದು ಹೊಸ ಚಿತ್ರ ತೆರೆಕಾಣುವ ವಾರಗಳ ಮೊದಲೇ ಲಾಸ್ ಏಂಜಲೀಸ್‌ನಲ್ಲಿ ಜನ ಸಾಲುಗಟ್ಟಿ ಕೂತರು. ಹಣದ ದೃಷ್ಟಿಯಿಂದ ಚಿತ್ರ ಸೋಲಲಿಲ್ಲ. ಮೊದಲ ಸುತ್ತಿನಲ್ಲೇ ಜಗತ್ತಿನಾದ್ಯಂತ 92 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೆ ಕಾದು ಕೂತಿದ್ದವರಲ್ಲಿ ಅನೇಕರು ಮುಖ ಸಿಂಡರಿಸಿಕೊಂಡು ಮನೆಗೆ ಹೋದರು. ಖ್ಯಾತ ವಿಮರ್ಶಕ ರೋಜರ್ ಈಬರ್ಟ್ ಅವರಂಥ ಕೆಲವರು ಮೆಚ್ಚಿ ಬರೆದರೂ ಗೇಲಿಯ ದನಿಯೇ ಜೋರಾಗಿತ್ತು. ಮುಂದೆ ಹಲವು ವರ್ಷ 'ಫ್ಯಾಂಟಮ್ ಮೆನೇಸ್' ಎಂಬ ಹೆಸರು ನಿರಾಶೆಗೆ ಇನ್ನೊಂದು ಹೆಸರಿನಂತೆ ಬಳಕೆಯಾಯಿತು.

ಅದೇ ಚಿತ್ರ 25 ವರ್ಷ ತುಂಬಿದ ನೆನಪಿಗೆ 2024ರ ಮೇ ತಿಂಗಳಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದಾಗ, ಆ ವಾರಾಂತ್ಯದ ಗಳಿಕೆಯಲ್ಲಿ ಅಮೆರಿಕದಲ್ಲಿ ಎರಡನೆಯ ಸ್ಥಾನದಲ್ಲಿತ್ತು. ಚಿತ್ರದ ಕಥೆ ಬದಲಾಗದೆ ಅಭಿಪ್ರಾಯ ಹೇಗೆ ಬದಲಾಯಿತು?

ಕೊನೆ ಗೊತ್ತಿರುವ ಕಥೆ

ಇದು ಪೂರ್ವಕಥೆ. ಮೊದಲು ಬಂದ ಮೂರು ಚಿತ್ರಗಳ ಖಳನಾಯಕ, ಕಪ್ಪು ಶಿರಸ್ತ್ರಾಣದ ಡಾರ್ತ್ ವೇಡರ್, ಒಂದಾನೊಂದು ಕಾಲದಲ್ಲಿ ಎಂಥವನಾಗಿದ್ದ ಎಂದು ಹೇಳಲು ಹೊರಟದ್ದು. ತೆರೆಯ ಮೇಲೆ ಕಂಡದ್ದು ಟಟೂಯಿನ್ ಎಂಬ ಮರಳುಗಾಡಿನ ಗ್ರಹದಲ್ಲಿ ತಾಯಿಯೊಂದಿಗೆ ಗುಲಾಮನಾಗಿರುವ, ಯಂತ್ರ ರಿಪೇರಿಯಲ್ಲಿ ಚುರುಕಾದ ಅನಾಕಿನ್ ಎಂಬ ಪುಟ್ಟ ಹುಡುಗ. ವೇಡರ್‌ನ ಕ್ರೌರ್ಯದ ಬೇರನ್ನು ಕಾಣಲು ಬಂದಿದ್ದವರಿಗೆ ಈ ನಗುಮುಖದ ಬಾಲಕ ರುಚಿಸಲಿಲ್ಲ.

ಆದರೆ ಪೂರ್ವಕಥೆಯ ಸ್ವಾರಸ್ಯವಿರುವುದೇ ಅಲ್ಲಿ. ತಾಳಮದ್ದಳೆಯಲ್ಲಿ ಕರ್ಣನ ಪ್ರಸಂಗ ಕೇಳಲು ಕೂತವನಿಗೆ ಕುರುಕ್ಷೇತ್ರದ ಕೊನೆ ಗೊತ್ತಿರುವುದಿಲ್ಲವೇ? ಗೊತ್ತಿದ್ದೇ ಕೇಳುತ್ತಾನೆ, ಗೊತ್ತಿರುವುದರಿಂದಲೇ ಕಣ್ಣು ತೇವವಾಗುತ್ತದೆ. ಅನಾಕಿನ್ ತಾಯಿಯನ್ನು ಬಿಟ್ಟು ಹೊರಡುವ ದೃಶ್ಯ ಮೊದಲ ಸಲ ಸಪ್ಪೆಯಾಗಿ ಕಾಣಬಹುದು. ಮುಂದಿನ ಚಿತ್ರಗಳಲ್ಲಿ ಅವನಿಗೆ ಏನೇನಾಗುತ್ತದೆ ಎಂದು ತಿಳಿದವನು ಎರಡನೆಯ ಸಲ ನೋಡಿದರೆ, ಬಾಗಿಲಿನ ಬಳಿ ನಿಂತ ತಾಯಿಯ ಮುಖದಿಂದ ಕಣ್ಣು ಕೀಳಲಾಗುವುದಿಲ್ಲ. ಮಗುವಿನ ಬಿಡುಗಡೆ ಆಯಿತು, ತಾಯಿಯದಾಗಲಿಲ್ಲ. ಆಮೇಲೆ, ಎಲ್ಲ ಬಲ್ಲ ಜೆಡೈ ಗುರುಗಳಲ್ಲಿ ಒಬ್ಬರೂ ಮರಳಿ ಹೋಗಿ ಅವಳನ್ನು ಬಿಡಿಸಿಕೊಂಡು ಬರೋಣ ಎನ್ನುವುದಿಲ್ಲ. ಮುಂದಿನ ಎಲ್ಲ ಅನಾಹುತದ ಬೀಜ ಇದು. ಚಿತ್ರ ಅದನ್ನು ಬೆರಳಿಟ್ಟು ತೋರಿಸುವುದಿಲ್ಲ.

ಕಥೆ ಶುರುವಾಗುವುದು ತೆರಿಗೆಯ ತಕರಾರಿನಿಂದ ಎಂಬುದು ಆಗಿನ ಇನ್ನೊಂದು ದೂರು. ವ್ಯಾಪಾರ ಮಾರ್ಗಗಳ ಮೇಲಿನ ತೆರಿಗೆಗಾಗಿ ಒಂದು ವರ್ತಕ ಒಕ್ಕೂಟ ನಬೂ ಎಂಬ ಪುಟ್ಟ ಗ್ರಹಕ್ಕೆ ದಿಗ್ಬಂಧನ ಹಾಕುತ್ತದೆ, ಆಮೇಲೆ ಸೈನ್ಯವನ್ನೇ ಇಳಿಸುತ್ತದೆ. ಹದಿನಾಲ್ಕರ ಹರೆಯದ ಚುನಾಯಿತ ರಾಣಿ ರಾಜಧಾನಿಗೆ ಹೋಗಿ ಸೆನೆಟ್ಟಿನ ಮುಂದೆ ಅಹವಾಲು ಸಲ್ಲಿಸಿದರೆ, ಅದೇ ಸೆನೆಟ್ಟಿನಲ್ಲಿ ಕೂತ ವರ್ತಕರ ಪ್ರತಿನಿಧಿ 'ನಿಜವೋ ಸುಳ್ಳೋ ತಿಳಿಯಲು ಸಮಿತಿ ಕಳುಹಿಸಿ' ಎನ್ನುತ್ತಾನೆ. ಲೇಸರ್ ಕಾಳಗ ನೋಡಲು ಬಂದವರಿಗೆ ಸಮಿತಿಯ ಮಾತು ಬೇಸರ ತಂದದ್ದು ಸಹಜವೇ.

ಸ್ವಲ್ಪ ತಾಳ್ಮೆಯಿಂದ ನೋಡಿ. ರಾಣಿಯ ಪಕ್ಕದಲ್ಲಿ ಅವಳದೇ ಗ್ರಹದ ಸೆನೆಟರ್ ಪಾಲ್ಪಟೀನ್ ಕೂತಿದ್ದಾನೆ. ಮೆಲುದನಿ, ವಿನಯ, ಕಾಳಜಿ ತುಂಬಿದ ಮುಖ. ಚಾನ್ಸಲರ್ ಮೇಲೆ ಅವಿಶ್ವಾಸ ಸೂಚಿಸುವಂತೆ ಅವಳ ಕಿವಿಯಲ್ಲಿ ಉಸುರುವವನು ಅವನು. ಅವಳು ಸೂಚಿಸುತ್ತಾಳೆ, ಚಾನ್ಸಲರ್ ಬೀಳುತ್ತಾನೆ, ಅನುಕಂಪದ ಅಲೆಯ ಮೇಲೆ ಪಾಲ್ಪಟೀನ್ ಆ ಕುರ್ಚಿ ಏರುತ್ತಾನೆ. ದಿಗ್ಬಂಧನಕ್ಕೆ ವರ್ತಕರನ್ನು ಛೂ ಬಿಟ್ಟ ಮುಸುಕುಧಾರಿಯೂ ಅವನೇ! ಎಲ್ಲವೂ ನಿಯಮಾನುಸಾರ, ಒಂದು ಮತವೂ ಕಳವಾಗಿಲ್ಲ. ನಟ ಇಯನ್ ಮ್ಯಾಕ್‌ಡಿಯರ್ಮಿಡ್ ಈ ಎರಡು ಮುಖಗಳನ್ನು ಎಷ್ಟು ನಯವಾಗಿ ನಿಭಾಯಿಸಿದ್ದಾರೆಂದರೆ, ಮೊದಲ ನೋಟಕ್ಕೆ ಮಂಕಾಗಿದ್ದ ಸೆನೆಟ್ ದೃಶ್ಯಗಳೇ ಮರುನೋಟದಲ್ಲಿ ಅತ್ಯಂತ ಭಯಾನಕವಾಗುತ್ತವೆ.

ರಕ್ತಪರೀಕ್ಷೆಯ ರಗಳೆ

ಅಭಿಮಾನಿಗಳು ಎಲ್ಲಕ್ಕಿಂತ ಹೆಚ್ಚು ಕೆರಳಿದ್ದು ಒಂದು ಸಣ್ಣ ದೃಶ್ಯಕ್ಕೆ. ಜೆಡೈ ಗುರು ಕ್ವೈ-ಗಾನ್ ಹುಡುಗನ ಗಾಯ ಒರೆಸುತ್ತ ಒಂದು ಹನಿ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾನೆ. 'ಮಿಡಿಕ್ಲೋರಿಯನ್' ಎಣಿಕೆ 20,000 ದಾಟಿದೆ ಎಂದು ಉತ್ತರ ಬರುತ್ತದೆ. ಹಳೆಯ ಚಿತ್ರಗಳಲ್ಲಿ ಧ್ಯಾನಕ್ಕೆ, ಸಾಧನೆಗೆ ಒಲಿಯುತ್ತಿದ್ದ 'ಫೋರ್ಸ್' ಎಂಬ ದಿವ್ಯಶಕ್ತಿ ಇಲ್ಲಿ ಲ್ಯಾಬ್ ರಿಪೋರ್ಟ್ ಆಯಿತೆಂದು ಜನ ಕೂಗಾಡಿದರು. ಆ ಆಕ್ಷೇಪದಲ್ಲಿ ತಿರುಳಿದೆ. ಸಾಧನೆಯ ಜಾಗದಲ್ಲಿ ರಕ್ತದ ಗುಣ ಬಂದು ಕೂತರೆ ಯಾರಿಗಾದರೂ ಕಸಿವಿಸಿಯಾಗಬೇಕಾದದ್ದೇ.

ಆದರೆ ಜೀವಶಾಸ್ತ್ರ ಓದುವ ವಿದ್ಯಾರ್ಥಿಗೆ ಆ ಹೆಸರು ಕೇಳಿದೊಡನೆ ಬೇರೇನೋ ಹೊಳೆಯುತ್ತದೆ. ಮೈಟೋಕಾಂಡ್ರಿಯ! ನಮ್ಮ ಜೀವಕೋಶಗಳಿಗೆ ಬೇಕಾದ ಶಕ್ತಿಯ ಬಹುಪಾಲನ್ನು ಒದಗಿಸುವ ಈ ಸಣ್ಣ ಅಂಗಗಳು ಕೋಟ್ಯಂತರ ವರ್ಷಗಳ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಗಳಾಗಿದ್ದವು, ಇನ್ನೊಂದು ಜೀವಕೋಶದ ಒಳಹೊಕ್ಕು ಅಲ್ಲೇ ನೆಲೆಯಾದವು ಎಂಬ ವಾದವನ್ನು ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಅವರು 1967ರ ಪ್ರಬಂಧವೊಂದರಲ್ಲಿ ಮಂಡಿಸಿದರು. ಹಲವು ಪತ್ರಿಕೆಗಳು ತಿರಸ್ಕರಿಸಿದ ಬಳಿಕ ಪ್ರಕಟವಾದ ಪ್ರಬಂಧ ಅದು. ಮೈಟೋಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆ, ಅದು ಬ್ಯಾಕ್ಟೀರಿಯಗಳ ಡಿಎನ್‌ಎಯನ್ನು ಹೋಲುತ್ತದೆ. ಹೀಗೆ ಸಾಕ್ಷ್ಯ ಕೂಡುತ್ತ ಹೋಗಿ ಈಗ ಈ ವಾದ ಪಠ್ಯಪುಸ್ತಕದ ವಿಷಯ. ಮನುಷ್ಯರಲ್ಲಿ ಮೈಟೋಕಾಂಡ್ರಿಯ ಬರುವುದು ತಾಯಿಯಿಂದ. ಅನಾಕಿನ್‌ಗೆ ತಂದೆಯೇ ಇಲ್ಲ ಎಂದು ಅವನ ತಾಯಿ ಹೇಳುವ ಮಾತಿನ ಪಕ್ಕದಲ್ಲಿ ಇದನ್ನಿಟ್ಟರೆ ಮೋಜೆನಿಸುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಮಿಡಿಕ್ಲೋರಿಯನ್‌ಗಳು ನಮ್ಮೊಳಗೆ ಪರಸ್ಪರ ಪ್ರಯೋಜನಕ್ಕಾಗಿ ಬಾಳುವ ಜೀವಿಗಳು ಎಂದು ಕ್ವೈ-ಗಾನ್ ಹುಡುಗನಿಗೆ ವಿವರಿಸುತ್ತಾನೆ. ಇದಕ್ಕೆ ಬಹಳ ಮೊದಲೇ, ನಬೂ ಗ್ರಹದ ನೀರಿನಡಿಯ ಗಂಗನ್ ಜನರ ಮುಖ್ಯಸ್ಥನಿಗೆ ಕ್ವೈ-ಗಾನ್‌ನ ಶಿಷ್ಯ ಓಬಿ-ವಾನ್ ಸರಿಸುಮಾರು ಇದೇ ಮಾತು ಹೇಳಿರುತ್ತಾನೆ. ನೀವೂ ಮೇಲಿನ ನಬೂ ಜನರೂ ಸಹಜೀವಿಗಳು, ಅವರಿಗಾದದ್ದು ನಿಮಗೂ ತಟ್ಟುತ್ತದೆ, ಎಂದು. ಮುಖ್ಯಸ್ಥ ಕಿವಿಗೆ ಹಾಕಿಕೊಳ್ಳುವುದಿಲ್ಲ. ಒಂದೇ ಗ್ರಹದಲ್ಲಿದ್ದು ಒಬ್ಬರನ್ನೊಬ್ಬರು ಕೀಳಾಗಿ ಕಾಣುವ ಎರಡು ಜನಾಂಗಗಳು ಉಳಿಯುವುದು, ರಾಣಿ ಬಂದು ಆ ಮುಖ್ಯಸ್ಥನೆದುರು ಮಂಡಿಯೂರಿದಾಗಲೇ. ಅಂದರೆ ಸಹಜೀವನವೇ ಇಡೀ ಚಿತ್ರದ ಸೂತ್ರ. ಜೀವಕೋಶದೊಳಗೂ ಅದೇ, ಗ್ರಹದ ಮೇಲೂ ಅದೇ. ಎದುರಿಗೆ ಪಾಲ್ಪಟೀನ್, ಆಶ್ರಯ ಕೊಟ್ಟ ಗಣರಾಜ್ಯದ ಸಾರ ಹೀರಿ ಬೆಳೆಯುವ ಪರಾವಲಂಬಿ. ಆ ರಕ್ತಪರೀಕ್ಷೆಗೆ ನಕ್ಕವರು ಈ ಎಳೆಯನ್ನು ಗಮನಿಸಲೇ ಇಲ್ಲ.

ಹಾಗೆಂದು ಚಿತ್ರದ ವಿಜ್ಞಾನವೆಲ್ಲ ಸರಿಯೆಂದಲ್ಲ. ನಬೂ ಗ್ರಹದ ಗರ್ಭದ ಮೂಲಕ ನಾಯಕರು ಜಲಾಂತರ್ನೌಕೆಯಲ್ಲಿ ಆರಾಮಾಗಿ ಹಾದು ಹೋಗುತ್ತಾರೆ. ನಮ್ಮ ಭೂಮಿಯ ಕೇಂದ್ರದಲ್ಲಿ ಉಷ್ಣತೆ 5,000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು, ಒತ್ತಡ ವಾಯುಮಂಡಲದ ಒತ್ತಡದ 36 ಲಕ್ಷ ಪಟ್ಟು. ಅಂಥಲ್ಲಿ ದೋಣಿವಿಹಾರ! ಆದರೆ ಟಟೂಯಿನ್‌ನ ಜೋಡಿ ಸೂರ್ಯರನ್ನು ಮಾತ್ರ ಆಕಾಶವೇ ಸಮರ್ಥಿಸಿತು. ಎರಡು ನಕ್ಷತ್ರಗಳನ್ನು ಒಟ್ಟಿಗೆ ಸುತ್ತುವ ಕೆಪ್ಲರ್-16ಬಿ ಎಂಬ ಗ್ರಹ ಪತ್ತೆಯಾದ ಸುದ್ದಿ 2011ರಲ್ಲಿ ಬಂತು.

ಉಪ್ಪಿನ ಜಲಪಾತ

ಚಿತ್ರವೆಲ್ಲ ಕಂಪ್ಯೂಟರಿನ ಕೈಚಳಕ ಎಂಬ ಮಾತು ಪೂರ್ತಿ ನಿಜವಲ್ಲ. ಟ್ಯುನೀಷಿಯದ ಮರುಭೂಮಿಯಲ್ಲಿ ನಿಜವಾದ ಸೆಟ್ ಹಾಕಿದ್ದರು. 1997ರಲ್ಲಿ ಬಿರುಗಾಳಿ ಬಂದು ಅದನ್ನು ಧ್ವಂಸ ಮಾಡಿತು. ರಾಣಿಯ ಅರಮನೆಯ ಒಳಾಂಗಣ ಇಟಲಿಯ ಕಸೆರ್ಟಾ ಅರಮನೆಯದು. ನಗರದಂಚಿನಲ್ಲಿ ಧುಮ್ಮಿಕ್ಕುವ ಜಲಪಾತ ಮಾದರಿಯ ಮೇಲಿನಿಂದ ಸುರಿಸಿದ ಉಪ್ಪು! ಪಾಡ್ ರೇಸ್ ನೋಡುವ ಜನಸಾಗರದ ಬಹುಪಾಲು, ಬಣ್ಣ ಬಳಿದು ನೆಟ್ಟ, ಕಿವಿ ಶುಚಿಮಾಡುವ ಹತ್ತಿಯ ಕಡ್ಡಿಗಳು.

ಆ ರೇಸ್ ಸುಮಾರು ಹತ್ತು ನಿಮಿಷದ್ದು. ಅದನ್ನು ಕಿವಿ ಕೊಟ್ಟು ಕೇಳಬೇಕು. ಬಹಳ ಹೊತ್ತು ಹಿನ್ನೆಲೆ ಸಂಗೀತವೇ ಇಲ್ಲ. ಧ್ವನಿ ವಿನ್ಯಾಸಕ ಬೆನ್ ಬರ್ಟ್ ಒಂದೊಂದು ವಾಹನಕ್ಕೂ ಒಂದೊಂದು ಇಂಜಿನ್ ಸದ್ದು ಕೊಟ್ಟಿದ್ದಾರೆ. ವಾಹನ ಹತ್ತಿರ ಬರುವಾಗ ಸದ್ದಿನ ಸ್ಥಾಯಿ ಏರುತ್ತದೆ, ದಾಟಿ ಹೋದೊಡನೆ ಇಳಿಯುತ್ತದೆ. ರೈಲು ಸೀಟಿ ಹೊಡೆಯುತ್ತ ನಿಲ್ದಾಣ ದಾಟುವಾಗ ಕೇಳುವ ಡಾಪ್ಲರ್ ಪರಿಣಾಮವೇ ಇದು. ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ಗುಡುಗುವ ನೌಕೆಗಳ ಹಾಗಲ್ಲ, ಇಲ್ಲಿ ಸದ್ದಿಗೆ ನ್ಯಾಯವಿದೆ.

ದೋಷಗಳು ಮರುನೋಟಕ್ಕೆ ಮಾಯವಾಗುವುದಿಲ್ಲ. ಸಂಭಾಷಣೆ ಹಲವೆಡೆ ಮರಗಟ್ಟಿದೆ, ಮಧ್ಯಭಾಗ ಕುಂಟುತ್ತದೆ. ವರ್ತಕರಿಗೂ ಗಂಗನ್‌ಗಳಿಗೂ ಕೊಟ್ಟ ಉಚ್ಚಾರಣೆ ನಿಜಲೋಕದ ಜನಾಂಗಗಳನ್ನು ಅಣಕಿಸುವಂತಿದೆ ಎಂಬ ಟೀಕೆ 1999ರಲ್ಲೇ ಬಂತು, ಅದನ್ನು ತಳ್ಳಿಹಾಕುವಂತಿಲ್ಲ. ಚಿಕ್ಕ ಮಕ್ಕಳೊಂದಿಗೆ ನೋಡುವ ಪೋಷಕರು ಕೊನೆಯ ಕತ್ತಿಕಾಳಗದಲ್ಲಿ ಸಾವುಗಳಿವೆ ಎಂಬುದನ್ನು ನೆನಪಿಟ್ಟಿರಬೇಕು.

ಗೇಲಿಯ ಬೆಲೆ

ಟೀಕೆ ಬೇರೆ, ಗೇಲಿ ಬೇರೆ. ಜಾರ್ ಜಾರ್ ಬಿಂಕ್ಸ್ ಎಂಬ ಉದ್ದ ಕಿವಿಯ, ಎಡವುವ ಗಂಗನ್ ಪಾತ್ರವನ್ನು ಜನ ದ್ವೇಷಿಸಿದ ಬಗೆ ವಿಪರೀತವಾಗಿತ್ತು. ಆ ಪಾತ್ರದ ಹಿಂದೆ ಅಹ್ಮದ್ ಬೆಸ್ಟ್ ಎಂಬ ಯುವ ನಟನಿದ್ದರು. ಅವರ ನಡಿಗೆ, ಅಂಗಚಲನೆ, ದನಿಗಳ ಮೇಲೆ ಕಂಪ್ಯೂಟರ್ ಆ ಜೀವಿಯನ್ನು ಕಟ್ಟಿತು. ಒಂದು ದೊಡ್ಡ ಚಿತ್ರದ ಉದ್ದಕ್ಕೂ ಹೀಗೆ ನಟಿಸಿದವರಲ್ಲಿ ಅವರು ಮೊದಲಿಗರು. ಬಹಳ ಹೊಗಳಿಕೆ ಪಡೆದ 'ಲಾರ್ಡ್ ಆಫ್ ದಿ ರಿಂಗ್ಸ್' ಮಾಲೆಯ ಗಾಲಮ್ ಪಾತ್ರ ಅದೇ ಜಾಡಿನಲ್ಲಿ 2002ರಲ್ಲಿ ಬಂದದ್ದು. ಬೆಸ್ಟ್ ಅವರಿಗೆ ಸಿಕ್ಕಿದ್ದು ಬೈಗುಳ. ಆ ದಿನಗಳಲ್ಲಿ ಬದುಕನ್ನೇ ಮುಗಿಸಿಬಿಡುವ ಅಂಚಿಗೆ ಹೋಗಿದ್ದೆ ಎಂದು ಅವರು 2018ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಚಿತ್ರೀಕರಣ ಶುರುವಾದಾಗ ಅನಾಕಿನ್ ಪಾತ್ರದ ಜೇಕ್ ಲಾಯ್ಡ್‌ಗೆ ಎಂಟು ವರ್ಷ. ಎಂಟು ವರ್ಷದ ಮಗುವಿನ ನಟನೆಯನ್ನು ದೊಡ್ಡವರು ವರ್ಷಗಟ್ಟಲೆ ಆಡಿಕೊಂಡು ನಕ್ಕರು.

1999ರಲ್ಲಿ ಆ ಪುಟ್ಟ ನಟನ ವಯಸ್ಸಿನವರಾಗಿದ್ದ ಪ್ರೇಕ್ಷಕರು ಮಾತ್ರ ನಗಲಿಲ್ಲ. ಹಳೆಯ ಚಿತ್ರಗಳ ಹೊರೆ ಅವರ ತಲೆಯ ಮೇಲಿರಲಿಲ್ಲ. ಅವರಿಗೆ ಇದೇ ಮೊದಲ 'ಸ್ಟಾರ್ ವಾರ್ಸ್'. ಚಿತ್ರದ ಬಗೆಗಿನ ದನಿ ಬದಲಾದದ್ದು ಆ ಮಕ್ಕಳು ಬೆಳೆದು ಮಾತಾಡತೊಡಗಿದ ಮೇಲೆ. 2019ರಲ್ಲಿ ಷಿಕಾಗೊದಲ್ಲಿ ಚಿತ್ರದ 20ನೆಯ ವರ್ಷದ ಸಮಾರಂಭಕ್ಕೆ ಬಂದ ಬೆಸ್ಟ್ ಅವರಿಗೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. 2023ರಲ್ಲಿ 'ದಿ ಮ್ಯಾಂಡಲೋರಿಯನ್' ಧಾರಾವಾಹಿಯಲ್ಲಿ ಅವರು ಒಂದು ಮಗುವನ್ನು ಕಾಪಾಡುವ ಜೆಡೈ ವೀರನಾಗಿ ಕಾಣಿಸಿಕೊಂಡರು.

ಯಾರೂ ತಕರಾರು ಎತ್ತದೆ ಉಳಿದದ್ದು ಜಾನ್ ವಿಲಿಯಮ್ಸ್ ಅವರ ಸಂಗೀತ. ಕೊನೆಯ ಕಾಳಗದ ಮೇಳಗಾನದ ಪದಗಳು ಸಂಸ್ಕೃತದವು! ಹಳೆಯ ವೆಲ್ಷ್ ಕವಿತೆಯೊಂದರ ಸಾಲುಗಳನ್ನು ಸಂಸ್ಕೃತಕ್ಕೆ ತಿರುಗಿಸಿ, ಅರ್ಥಕ್ಕಿಂತ ಹೆಚ್ಚಾಗಿ ನಾದಕ್ಕಾಗಿ ಬಳಸಿಕೊಂಡರು. ಅಂತ್ಯದಲ್ಲಿ ನಬೂ ಗೆದ್ದ ಸಂಭ್ರಮದ ಮೆರವಣಿಗೆ ಬರುತ್ತದೆ. ಮಕ್ಕಳ ದನಿಯಲ್ಲಿ ಉತ್ಸಾಹದ ರಾಗ, ಹೂವಿನ ಎಸಳಿನಂಥ ಕಾಗದದ ಚೂರುಗಳು, ಎಲ್ಲರ ಮುಖದಲ್ಲೂ ನಗು, ಮೆಟ್ಟಿಲ ಮೇಲೆ ಹೊಸ ಚಾನ್ಸಲರ್ ಪಾಲ್ಪಟೀನ್. 1983ರ ಚಿತ್ರದಲ್ಲಿ ಮುದಿ ಚಕ್ರವರ್ತಿ ಪ್ರವೇಶಿಸುವಾಗ ಗಂಡಸರ ಮೇಳ ನಿಧಾನವಾಗಿ, ಗೋರಿಯೊಳಗಿಂದ ಬಂದಂಥ ದನಿಯಲ್ಲಿ ಹಾಡುವ ಒಂದು ರಾಗವಿದೆ. ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿದರೆ ತಿಳಿಯುತ್ತದೆ: ಮಕ್ಕಳು ಕುಣಿಯುತ್ತ ಹಾಡುತ್ತಿರುವುದು ಅದೇ ರಾಗ, ಸ್ವರ ಬದಲಿಸಿ, ವೇಗ ಹೆಚ್ಚಿಸಿ.