ಮಲತಂದೆಯ ವರಮಾನ ಮತ್ತು ಮಕ್ಕಳ ವಿದ್ಯಾರ್ಥಿವೇತನ

ಪ್ಲಸ್ ಟು ಫಲಿತಾಂಶ ಪ್ರಕಟವಾದೊಡನೆ ಅಗಲ್ಪಾಡಿ ಪರಿಸರದ ಕನ್ನಡ ಮಾಧ್ಯಮದ ಮಕ್ಕಳು ಕಾಸರಗೋಡು, ಮಂಗಳೂರು, ಪುತ್ತೂರುಗಳ ಕಾಲೇಜುಗಳತ್ತ ಮುಖಮಾಡುತ್ತಾರೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ, ತಂದೆ ತೀರಿಕೊಂಡು ತಾಯಿ ಮರುವಿವಾಹವಾದ ಮನೆಗಳಲ್ಲಿ ಪ್ರಶ್ನೆಯೊಂದು ಏಳುತ್ತದೆ: ಮಲತಂದೆಯ ವರಮಾನವನ್ನೂ ತೋರಿಸಬೇಕೇ? ಮುಜುಗರದಿಂದ ಯಾರಲ್ಲೂ ಕೇಳದೆ ಅರ್ಜಿಯನ್ನೇ ಕೈಬಿಡುವುದು ಸಲ್ಲದು.

ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದಲ್ಲಿ ಬಹುಕಾಲದಿಂದ ನಡೆದುಬಂದ ನಿಯಮವಿದು: ತಂದೆ ತಾಯಿಯರಲ್ಲಿ ಒಬ್ಬರಾದರೂ ಇರುವವರೆಗೆ ಹೆತ್ತವರ ವರಮಾನವನ್ನಷ್ಟೇ ಪರಿಗಣಿಸಬೇಕು, ಇಬ್ಬರೂ ಇಲ್ಲದಿದ್ದರೆ ಮಾತ್ರ ಪೋಷಕರದು. ಆದ್ದರಿಂದ ಅಜ್ಜ, ಅಣ್ಣ, ಸೋದರಮಾವನ ಗಳಿಕೆ ಲೆಕ್ಕಕ್ಕೆ ಬರುವುದಿಲ್ಲ. ಮಲತಂದೆಯ ವಿಷಯ ಹಾಗಲ್ಲ. ಅವರು ತಾಯಿಯ ಪತಿ. ಒಂದೇ ಪಡಿತರ ಚೀಟಿಯಲ್ಲಿರುವ ಅವರನ್ನು ಬಿಟ್ಟು ಬರೆದರೆ ಗ್ರಾಮಾಧಿಕಾರಿಯ ಪರಿಶೀಲನೆಯಲ್ಲಿ ಪ್ರಶ್ನೆ ಏಳುವುದು ಸಹಜ.

ತೋರಿಸಿದರೆ ಎಲ್ಲ ಬಾಗಿಲುಗಳೂ ಮುಚ್ಚುತ್ತವೆಯೇ? ಇಲ್ಲ. ತಾಯಿಯ ವರಮಾನ 1.2 ಲಕ್ಷ ರೂ., ಮಲತಂದೆಯದು 2 ಲಕ್ಷ ಎಂದಿಟ್ಟುಕೊಳ್ಳೋಣ. ಒಟ್ಟು 3.2 ಲಕ್ಷ. ಪರಿಶಿಷ್ಟ ಜಾತಿಯವರಿಗಾಗಿ ಇರುವ ಕೇಂದ್ರದ ಪೋಸ್ಟ್ ಮೆಟ್ರಿಕ್ ಯೋಜನೆಯ 2.5 ಲಕ್ಷದ ಮಿತಿಯನ್ನು ಇದು ದಾಟುತ್ತದೆ. ಆದರೆ ಪ್ಲಸ್ ಟುವಿನಲ್ಲಿ ಉನ್ನತ ಅಂಕ ಪಡೆದವರಿಗೆ ಪದವಿ ತರಗತಿಗಳಲ್ಲಿ ವರ್ಷಕ್ಕೆ 12,000 ರೂ. ನೀಡುವ ಕೇಂದ್ರ ವಲಯ ವಿದ್ಯಾರ್ಥಿವೇತನದ ಮಿತಿ 4.5 ಲಕ್ಷ. 2024ರಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೇರುವವರ 10 ಲಕ್ಷದವರೆಗಿನ ಸಾಲಕ್ಕೆ ದೊರೆಯುವ ಶೇ. 3 ಬಡ್ಡಿ ರಿಯಾಯಿತಿಗೆ ಮಿತಿ 8 ಲಕ್ಷ.

ವರಮಾನ ಪ್ರಮಾಣಪತ್ರಕ್ಕೆ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಸಲ್ಲಿಸುವಾಗ ತಂದೆಯ ಮರಣ ಪ್ರಮಾಣಪತ್ರ ಅಥವಾ ವಿಚ್ಛೇದನದ ಆದೇಶ, ತಾಯಿಯ ಮರುವಿವಾಹದ ದಾಖಲೆ, ಪಡಿತರ ಚೀಟಿ, ಇಬ್ಬರ ವರಮಾನದ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಮಗುವಿನ ತಂದೆಯ ಹೆಸರು ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರದಲ್ಲಿರುವಂತೆಯೇ ಇರಲಿ. ಕುಟುಂಬದ ಸ್ಥಿತಿಯನ್ನು ವಿವರಿಸುವ ಪತ್ರವೊಂದನ್ನು ಗ್ರಾಮ ಕಚೇರಿಗೆ ಕೊಡುವುದು ಒಳ್ಳೆಯದು. ಅದನ್ನು ಕನ್ನಡದಲ್ಲೇ ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ನೀಡಿದೆ.

ವರಮಾನ ಮರೆಮಾಚಿ ಪಡೆದ ವಿದ್ಯಾರ್ಥಿವೇತನ ರದ್ದಾಗಬಹುದು, ಪಡೆದ ಹಣವನ್ನು ಮರಳಿಸಬೇಕಾಗಬಹುದು. ಅದರ ಭಾರ ಬೀಳುವುದು ಮಗುವಿನ ಮೇಲೆ. ಇದ್ದುದನ್ನು ಇದ್ದಂತೆ ಬರೆದು, ನಮ್ಮ ವರಮಾನಕ್ಕೆ ಹೊಂದುವ ಯೋಜನೆಯನ್ನು ಆರಿಸಿಕೊಳ್ಳುವುದೇ ಸರಿಯಾದ ದಾರಿ.