ಗ್ಲಾಕೋಮಾ ಹನಿಮದ್ದಿನ ನಿಯಮಿತ ಬಳಕೆ

ಗ್ಲಾಕೋಮಾ ರೋಗಿಯು ವೈದ್ಯರು ಸೂಚಿಸಿದ ಹನಿಮದ್ದನ್ನು ಹೇಳಿದ ವೇಳೆಗೆ, ಹೇಳಿದ ಪ್ರಮಾಣದಲ್ಲಿ, ನಡುವೆ ನಿಲ್ಲಿಸದೆ ಹಾಕಿಕೊಳ್ಳುವುದನ್ನು ನಿಯಮಿತ ಬಳಕೆ ಎನ್ನಲಾಗುತ್ತದೆ. ಗ್ಲಾಕೋಮಾ ಎಂಬುದು ದೃಷ್ಟಿನರವು ಕ್ರಮೇಣ ಹಾಳಾಗುವ ರೋಗ. ಕಣ್ಣಿನ ಒಳಒತ್ತಡ (ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿ.ಮೀ.) ಹೆಚ್ಚುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಕಳೆದುಹೋದ ದೃಷ್ಟಿ ಮರಳುವುದಿಲ್ಲ. ಉಳಿದುದನ್ನು ಕಾಪಾಡುವುದಷ್ಟೇ ಚಿಕಿತ್ಸೆಯ ಗುರಿ.

ಮದ್ದು ತಪ್ಪಲು ಕಾರಣಗಳು

ಮದ್ದು ತಪ್ಪಿದ್ದಕ್ಕೆ ಮರೆವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಮೂಲ ಕಾರಣ ರೋಗದ ಸ್ವಭಾವದಲ್ಲೇ ಇದೆ. ಸಾಮಾನ್ಯ ಬಗೆಯ ಗ್ಲಾಕೋಮಾದಲ್ಲಿ ನೋವಿರುವುದಿಲ್ಲ. ಅಂಚಿನ ನೋಟ ಮೊದಲು ಕುಗ್ಗುವುದರಿಂದ ಎದುರಿನ ಅಕ್ಷರ ಬಹುಕಾಲ ಸ್ಪಷ್ಟವಾಗಿಯೇ ಕಾಣುತ್ತದೆ. ಮದ್ದು ಹಾಕಿದರೆ ನೋಟ ಸುಧಾರಿಸಿದಂತೆ ತೋರದು, ಬಿಟ್ಟರೆ ಮರುದಿನ ಏನೂ ಆಗದು. ಅನುಭವಕ್ಕೆ ಬರುವುದು ಮದ್ದಿನ ಉರಿ ಮತ್ತು ಕಣ್ಣು ಕೆಂಪಾಗುವಿಕೆ ಮಾತ್ರ. ಇದನ್ನು ಕಣ್ಣಿನ ಪೊರೆಯೆಂದು ತಿಳಿದು, ಮುಂದೆ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದೆಂದು ಕಾಯುವವರೂ, ಒಂದು ಬಾಟಲಿ ಮುಗಿದರೆ ಚಿಕಿತ್ಸೆ ಮುಗಿಯಿತೆಂದುಕೊಳ್ಳುವವರೂ ಇದ್ದಾರೆ.

ರೋಗಿಯ ಮಾತೊಂದನ್ನೇ ನಂಬಿ ಬಳಕೆಯನ್ನು ಅಳೆಯಲಾಗದು. 1986ರಲ್ಲಿ ಅಮೆರಿಕದ ಮೈಕಲ್ ಕಾಸ್ ಮತ್ತು ಸಂಗಡಿಗರು ಪೈಲೋಕಾರ್ಪಿನ್ ಹನಿಗಳ ಬಳಕೆಯನ್ನು ವಿದ್ಯುನ್ಮಾನ ಸಾಧನದಿಂದ ದಾಖಲಿಸಿದರು. ರೋಗಿಗಳು ಸುಮಾರು ಶೇ. 97ರಷ್ಟು ಹನಿ ಹಾಕಿದೆವೆಂದರು, ದಾಖಲಾದದ್ದು ಶೇ. 76. ವೈದ್ಯರ ಭೇಟಿಯ ಹಿಂದಿನ ದಿನ ಮಾತ್ರ ಬಳಕೆ ಏರಿತ್ತು.

ದಕ್ಷಿಣ ಕನ್ನಡದ ಗ್ರಾಮಾಂತರದಲ್ಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಿಂದ ದೃಷ್ಟಿಕ್ಷೇತ್ರ ಪರೀಕ್ಷೆಯಂಥ ತಪಾಸಣೆಗೆ ಅನೇಕರು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೋ ಹೋಗುತ್ತಾರೆ. ಬೆಳ್ತಂಗಡಿಯಿಂದ ಇದು ಸುಮಾರು 60 ಕಿ.ಮೀ. ದೂರ. ಬೀಡಿ ಕಟ್ಟುವ ಮಹಿಳೆಗೆ ಆ ದಿನದ ಕೂಲಿ ನಷ್ಟ. ಚಾರ್ಮಾಡಿ ತಪ್ಪಲಿನವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮತ್ತೊಂದು ಅಡ್ಡಿ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿರುವ ಮನೆಗಳಲ್ಲಿ ನಡುಗುವ ಕೈಯ ವೃದ್ಧರು ತಾವೇ ಹನಿ ಹಾಕಿಕೊಳ್ಳಬೇಕು. ಹನಿ ಕೆನ್ನೆಗೆ ಬಿದ್ದದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ. ತುಳು ಅಥವಾ ಬ್ಯಾರಿ ಮಾತನಾಡುವ ಅಜ್ಜಿಗೆ ಬಾಟಲಿಯ ಮೇಲಿನ ಇಂಗ್ಲಿಷ್ ಬರಹದಿಂದ ಪ್ರಯೋಜನವಿಲ್ಲ. ರಂಜಾನ್ ಉಪವಾಸದಲ್ಲಿ ಹನಿ ಹಾಕಬಹುದೇ ಎಂಬ ಸಂಶಯವೂ ಬರುತ್ತದೆ. ದಿನಕ್ಕೊಮ್ಮೆ ರಾತ್ರಿ ಹಾಕುವ ಲ್ಯಾಟನೊಪ್ರಾಸ್ಟ್ ಆದರೆ ಈ ತೊಡಕಿಲ್ಲ. ಆದರೆ ಅದರ ತೆರೆಯದ ಬಾಟಲಿಯನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು.

ಸುಧಾರಣೆಯ ಕ್ರಮಗಳು

ಒಂದು ಸಲಕ್ಕೆ ಒಂದೇ ಹನಿ ಸಾಕು. ಹೆಚ್ಚಾದದ್ದು ಹೊರಗೆ ಹರಿಯುತ್ತದೆ. ಹನಿ ಹಾಕಿದ ಬಳಿಕ ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು. ಎರಡು ಮದ್ದುಗಳಿದ್ದರೆ ನಡುವೆ ಕನಿಷ್ಠ ಐದು ನಿಮಿಷ ಬಿಡಬೇಕು. ಅಸ್ತಮಾ ಇರುವವರು ಮೊದಲೇ ತಿಳಿಸುವುದು ಅಗತ್ಯ, ಟಿಮೊಲಾಲ್ ಅವರಿಗೆ ಅಪಾಯಕಾರಿ. ಖರ್ಚು ಭಾರವಾದರೆ ಅಗ್ಗದ ಜೆನೆರಿಕ್ ಮದ್ದನ್ನು, ಹನಿ ಒಗ್ಗದಿದ್ದರೆ ಲೇಸರ್ ಚಿಕಿತ್ಸೆಯನ್ನು ಕುರಿತು ವೈದ್ಯರನ್ನು ಕೇಳಬಹುದು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಮೊದಲು ಲೇಸರ್ ಪಡೆದವರ ಪೈಕಿ ಸುಮಾರು ಶೇ. 74 ಮಂದಿಗೆ ಮೂರು ವರ್ಷಗಳ ಕೊನೆಗೂ ಹನಿಮದ್ದು ಬೇಕಾಗಿರಲಿಲ್ಲ. ಲೇಸರ್ ಪಡೆದವರಿಗೂ ಒತ್ತಡದ ತಪಾಸಣೆ ಮುಂದುವರಿಯುತ್ತದೆ.