ಏಲಂಗೆ ಏನು ತರೋಣ, ಹೇಗೆ ತರೋಣ?



ಮೊಂತಿ ಹಬ್ಬ ಹತ್ತಿರ ಬಂತು. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನವನ್ನು ಸ್ಮರಿಸಿ ಹೊಸ ತೆನೆಯನ್ನು ಆಶೀರ್ವದಿಸುತ್ತೇವೆ. ಅದರ ಮುಂದಿನ ಭಾನುವಾರ ಬಲಿಪೂಜೆಯಾದ ಮೇಲೆ ಇಗರ್ಜಿ ಅಂಗಳದಲ್ಲಿ ಏಲಂ ಇದೆ. ಏಲಂ ಎಂಬ ಮಾತು ಪೋರ್ಚುಗೀಸರಿಂದ ಬಂದದ್ದು. ಆದರೆ ಪ್ರಥಮ ಫಲವನ್ನು ಬುಟ್ಟಿಯಲ್ಲಿಟ್ಟು ದೇವರ ಮುಂದೆ ತರುವ ಪದ್ಧತಿ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲೇ ಇದೆ.

ಈ ಸಲದ ಹಣ ರೋಗಿಗಳ ಸಹಾಯ ನಿಧಿಗೆ. ಡಯಾಲಿಸಿಸ್‌ಗಾಗಿ ವಾರಕ್ಕೆ ಎರಡು ಮೂರು ಸಲ ಮಂಗಳೂರಿಗೆ ಹೋಗುವ ಮನೆಗಳಿಗೆ ವಾಹನದ ಬಾಡಿಗೆಯೇ ದೊಡ್ಡ ಭಾರ. 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಉಪಶಮನ ಚಿಕಿತ್ಸೆಯ ಸೇವೆ ಕೇರಳದ ಹಳ್ಳಿಹಳ್ಳಿಗೆ ಹಬ್ಬಿದ್ದು ಸಾಮಾನ್ಯ ಜನರ ಸಣ್ಣ ಸಣ್ಣ ಕಾಣಿಕೆಗಳ ಬಲದಿಂದಲೂ ಹೌದು. ನಮ್ಮಿಂದಲೂ ಅಷ್ಟು ಆದೀತು.

ರೋಗಿಗಳಿಗಾಗಿ ತರುವ ವಸ್ತು ಇನ್ನೊಬ್ಬರನ್ನು ರೋಗಿ ಮಾಡಬಾರದು. 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಹಾಗಿರುವಾಗ ನಾವು ಹೆಚ್ಚು ಎಚ್ಚರದಿಂದಿರಬೇಕು. ಅಲಸಂಡೆ, ಬೆಂಡೆ, ಹೀರೆಗೆ ಮದ್ದು ಬಿಟ್ಟಿದ್ದರೆ, ಕೊಯ್ಲಿಗೆ ಮುಂಚೆ ಎಷ್ಟು ದಿನ ಕಾಯಬೇಕೆಂದು ಡಬ್ಬದ ಮೇಲೆ ಬರೆದಿರುತ್ತದೆ. ಅಷ್ಟು ದಿನ ಕಳೆಯದೆ ತರಬೇಡಿ. ಬಾಳೆಗೊನೆ ಬಲಿತದ್ದಿರಲಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾನೂನಿಗೂ ವಿರುದ್ಧ, ಆರೋಗ್ಯಕ್ಕೂ ಕೆಡುಕು. ತಿಂಡಿಯನ್ನು ಅದೇ ಬೆಳಿಗ್ಗೆ ಮಾಡಿ, ಮುಚ್ಚಿ ತನ್ನಿ. ಕೋಳಿಯ ಕಾಲು ಕಟ್ಟಿ ತಲೆಕೆಳಗಾಗಿ ತೂಗಿಸಬೇಡಿ. ಗಾಳಿಯಾಡುವ ಬುಟ್ಟಿಯಲ್ಲಿ ತಂದು ನೆರಳಲ್ಲಿಟ್ಟು ನೀರು ಕೊಡಿ. ಮನೆಯಲ್ಲಿ ಮಾಡಿದ ದ್ರಾಕ್ಷಾರಸ ಏಲಂಗೆ ಬೇಡವೇ ಬೇಡ. ಪರವಾನಗಿ ಇಲ್ಲದೆ ಮಾರುವುದು ಅಪರಾಧ.

ಜಾಗವಿಲ್ಲದವರು ಏನು ತರಬೇಕು? ಅವರ ಕೈಕೆಲಸವೂ ಏಲಂಗೆ ಬರಲಿ. ಒಂದು ದಿನ ತೆಂಗಿನಕಾಯಿ ಕೀಳುವುದು, ಒಂದು ದಿನ ಅಡಿಕೆ ಸುಲಿಯುವುದು, ಒಂದು ಅಂಗಿ ಹೊಲಿದು ಕೊಡುವುದು, ಇವನ್ನು ಚೀಟಿಯಲ್ಲಿ ಬರೆದು ಕೂಗಬಹುದು. ಕೆಲಸದವರು ಸಿಗದ ಈ ಕಾಲದಲ್ಲಿ ತೋಟದವರು ಸಂತೋಷದಿಂದಲೇ ಕೂಗಿಯಾರು. ತಾನೂ ಕೊಟ್ಟೆ ಎಂಬ ತೃಪ್ತಿ ಆ ಮನೆಗೂ ಇರುತ್ತದೆ.

ಇನ್ನು ವ್ಯವಸ್ಥೆ. ವಾಳೆಯ ಗುರ್ಕಾರರು ಹಿಂದಿನ ದಿನವೇ ವಸ್ತುಗಳನ್ನು ಪಟ್ಟಿ ಮಾಡಿ ನಂಬ್ರ ಕೊಡಲಿ. ನೂರು ತೆಂಗಿನಕಾಯಿಯನ್ನು ಒಂದೇ ರಾಶಿ ಮಾಡಿದರೆ ಇಬ್ಬರು ಕೂಗಿಯಾರು. ಹತ್ತರಂತೆ ಹತ್ತು ರಾಶಿ ಮಾಡಿದರೆ ಎಲ್ಲರ ಕೈಗೂ ಎಟಕುತ್ತದೆ. ಮೊದಲ ಕೂಗು ಪೇಟೆಯ ಧಾರಣೆಯ ಅರ್ಧದಿಂದ ಶುರುವಾಗಲಿ. ಹರಿವೆ ಕಟ್ಟು, ಮುಳ್ಳುಸೌತೆ ಮೊದಲು. ಕರು, ದೊಡ್ಡ ಗೊನೆ ನಡುವೆ, ಜನ ತುಂಬಿರುವಾಗ. ಕೊನೆಗಿಟ್ಟರೆ ಎಲ್ಲರೂ ಊಟಕ್ಕೆ ಹೊರಟಿರುತ್ತಾರೆ. ಕೊಟ್ಟವರ ಹೆಸರನ್ನು ಕೂಗುವುದು ಬೇಡ, ನಂಬ್ರ ಸಾಕು. ಆಗ ಬಡವರ ಕುಂಬಳಕಾಯಿಗೂ ಧನಿಕರ ಕರುವಿಗೂ ಒಂದೇ ಮರ್ಯಾದೆ.

ಹಣ ಕೊಟ್ಟ ಮೇಲೆಯೇ ವಸ್ತು ಕೈಗೆ. ಸಾಲದ ಕೂಗು ನೆರೆಹೊರೆಯವರಲ್ಲಿ ಮನಸ್ತಾಪ ತರುತ್ತದೆ. ಇಬ್ಬರು ಬರೆಯಲಿ, ಇನ್ನಿಬ್ಬರು ಎಣಿಸಲಿ. ಒಟ್ಟು ಮೊತ್ತವನ್ನು ಮರು ಭಾನುವಾರ ಪೂಜೆಯ ಬಳಿಕ ಓದಿ ಹೇಳಬೇಕು. ಹಟಕ್ಕೆ ಬಿದ್ದು ಮನೆಯ ಅಕ್ಕಿಯ ದುಡ್ಡನ್ನು ಕೂಗಿ ಕಳೆಯುವುದು ದಾನವಲ್ಲ.

ಕಾಣಿಕೆ ಪೆಟ್ಟಿಗೆಗೆ ಬಡ ವಿಧವೆ ಹಾಕಿದ ಎರಡು ಕಾಸನ್ನು ಯೇಸುಸ್ವಾಮಿ ಗಮನಿಸಿದರೆಂದು ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ನಿಮ್ಮ ಹಿತ್ತಿಲ ಒಂದು ಹೀರೆಕಾಯಿಯೂ ಅವರ ಕಣ್ಣಿಗೆ ಬೀಳುತ್ತದೆ. ಹಬ್ಬದೊಳಗೆ ಗುರ್ಕಾರರಲ್ಲಿ ಹೆಸರು ಬರೆಸಿರಿ. ದೇವರು ನಿಮ್ಮ ಬೆಳೆಯನ್ನೂ ಮನೆಯನ್ನೂ ಆಶೀರ್ವದಿಸಲಿ.